ಮೂರನೇ ಗೇಟಿನ ಗೌರಿ ಹೂ

ಅರಸೀಕೆರೆ ದಾಟಿ ಬಾಣಾವರದ ಕಡೆ
ಮೂರನೇ ಗೇಟು ನಂದು.
ಗಾಡಿ ಬಂದರೆ ಮುಚ್ಚು, ಹೋದರೆ ತೆಗೆ,
ಹೊತ್ತು ಬರೆದು ಸಹಿ ಹಾಕು.
ನಡುವೆ ಉಳಿದದ್ದೆಲ್ಲ ಕಾಯುವುದು.

ಬೇಲಿಯ ಕಳ್ಳಿಯನ್ನು ಹಿಡಿದು ಹತ್ತಿ
ಪ್ರತಿ ಭಾದ್ರಪದಕ್ಕೆ ಉರಿಯುತ್ತಿತ್ತು ಗೌರಿ ಹೂ.
ಎಸಳೆಲ್ಲ ಮೇಲಕ್ಕೆದ್ದು
ಒಳಗಿನ ಒಂದು ಕಡ್ಡಿ ಮಾತ್ರ ಪಕ್ಕಕ್ಕೆ ಅಡ್ಡ ಚಾಚಿ,
ಗೇಟಿನ ತೋಳಿನ ಹಾಗೆ.
ಗೌರಿ ಅನ್ನುವುದು ನಮ್ಮ ಮನೆಯ ಮಾತು.
ಕೊಬ್ಬರಿ ಟೆಂಪೋದ ಫಯಾಜ್ ಹುಲಿಯುಗುರು ಎಂದ.
ಕುರಿಯ ಕೆಂಚಜ್ಜಿ ಕೋಳಿಕುಟುಮ ಎಂದಳು, ಮತ್ತೆ
"ಮುಟ್ಟಿದ ಕೈ ಬಾಯಿಗಿಡಬೇಡ ತಾಯಿ,
ನನ್ನ ಕುರಿಗೇ ಗೊತ್ತು, ನಿನಗೂ ಗೊತ್ತಿರಲಿ."

ಆ ಕಾರ್ತಿಕದಲ್ಲಿ ಕೇಬಲ್ಲು ಹೂಳಲು ಜೆಸಿಬಿ ಬಂತು.
ಕಳ್ಳಿ ಹೋಯಿತು, ಬಳ್ಳಿ ಹೋಯಿತು.
ಮಣ್ಣಿನ ಗುಪ್ಪೆಯ ಮೇಲೆ ಒಣಗಿ ಬಿರಿದ
ನಾಲ್ಕು ಕಾಯಿ ಸಿಕ್ಕವು,
ಒಳಗೆ ಸಾಲು ಹಚ್ಚಿ ಕೂತ ಕೆಂಪು ಬೀಜ.
ರಿಜಿಸ್ಟರಿನ ಕೊನೆಯ ಹಾಳೆ ಹರಿದು ಪೊಟ್ಟಣ ಕಟ್ಟಿದೆ
(ಸಾಹೇಬರಿಗೆ ಹೇಳಬೇಡಿ).

ರೋಹಿಣಿ ಮಳೆ ಬಿದ್ದ ರಾತ್ರಿ ನೆನೆಹಾಕಿ
ಬೆಳಿಗ್ಗೆ ಪ್ಯಾಸೆಂಜರು ಹೋದ ಮೇಲೆ
ಡಾಲ್ಡಾ ಡಬ್ಬಿಯ ತಳಕ್ಕೆ ಮೊಳೆಯಲ್ಲಿ ತೂತು ಕೊರೆದು
ಜಲ್ಲಿಪುಡಿ ಬೆರೆತ ಮಣ್ಣಲ್ಲಿ
ಒಂದು ಗೆಣ್ಣಿನಷ್ಟು ಆಳಕ್ಕೆ ಊರಿದೆ.
ಹದಿನೇಳು.
ಮೃಗಶಿರ ಹೋಯಿತು. ಆರಿದ್ರಾ ಹೋಯಿತು.
ಕೀಮನ್ ಏಳುಮಲೈ ದಿನಾ ಸುತ್ತಿಗೆ ಹೆಗಲಿಗಿಟ್ಟು ಬಂದು
ಡಬ್ಬಿಗೆ ಬಗ್ಗಿ, "ಲೇಟ್ ರನ್ನಿಂಗ್" ಅನ್ನುವನು.
ಪುನರ್ವಸುವಿನ ನಡುವೆ ಒಂದು ದಿನ
ಹಸಿರು ಸೂಜಿ. ನಾಳೆಗೆ ಇನ್ನೆರಡು.
ಎದ್ದದ್ದು ಒಟ್ಟು ಐದು. ಉಳಿದ ಹನ್ನೆರಡರ ಲೆಕ್ಕ
ಮಣ್ಣಿನ ಹತ್ತಿರ ಇದೆ.

ಇಷ್ಟೇನಾ ಅನ್ನಿಸಿತು. ಎರಡೆರಡು ಎಲೆ, ಹುಲ್ಲಿಗಿಂತ ಕಡೆ.
ಹತ್ತಲಿಲ್ಲ, ಹಬ್ಬಲಿಲ್ಲ,
ಸ್ವಾತಿ ಮಳೆ ನಿಲ್ಲುವ ಹೊತ್ತಿಗೆ ಹಳದಿಯಾಗಿ ಮಲಗಿ
ಇಲ್ಲವೇ ಆದವು.
ಏಳುಮಲೈ ಏನೂ ಅನ್ನಲಿಲ್ಲ, ಬೀಡಿ ಹಚ್ಚಿದ.
ಬಿಸಾಡೋಣ ಎಂದು ಡಬ್ಬಿ ಬೋರಲು ಹಾಕಿದೆ.
ಮಣ್ಣು ಒಡೆದರೆ ಒಳಗೆ
ಕಿರುಬೆರಳ ಉಗುರಿನಷ್ಟು
ಬಿಳಿಯ ನೇಗಿಲು.
ಎರಡು ಕವಲು. ಎತ್ತಿಲ್ಲ, ಹೂಡುವವರಿಲ್ಲ,
ಕತ್ತಲನ್ನು ತಾನೇ ಉಳುತ್ತಿತ್ತು.

ತಪ್ಪಾಯಿತು ಎಂದು ಮುಚ್ಚಿದೆ.
ಬಾಡುವುದೂ ಅದರ ಡ್ಯೂಟಿ.

ಎರಡನೇ ಮಳೆಗಾಲ ಎಲೆಯ ತುದಿ ಸಣ್ಣಗೆ ಸುರುಳಿಗಟ್ಟಿ
ಗಾಳಿಯಲ್ಲಿ ತಡವರಿಸಿತು. ಪೊರಕೆಕಡ್ಡಿ ಕೊಟ್ಟೆ.
ಒಂದು, ನಾನು ಹೊಯ್ದ ನೀರಿಗೇ ಕೊಳೆಯಿತು.
ಮೂರನೇ ಮಳೆಗಾಲ ಎದೆಮಟ್ಟ ಬಂದವು,
ಹೂ ಮಾತ್ರ ಇಲ್ಲ.
ಫಯಾಜ್ ಹಾರ್ನು ಹೊಡೆದು ಕೇಳುವನು:
"ಏನ್ ದ್ರಾಕ್ಷಾಯಣಕ್ಕ, ಸಿಗ್ನಲ್ ಸಿಗಲಿಲ್ವಾ?"

ಮಾಘದಲ್ಲಿ ನನಗೆ ಆರ್ಡರು ಬಂತು.
ರಸ್ತೆಗೆ ಕೆಳಸೇತುವೆ, ಗೇಟು ರದ್ದು,
ದ್ರಾಕ್ಷಾಯಣಿ ಟಿ. ಬೀರೂರಿಗೆ.

ಗೆಡ್ಡೆಗಳು ಮಲಗಿದ್ದವು. ಚೀಲಕ್ಕೆ ಹಾಕಿ ಒಯ್ಯಬಹುದಿತ್ತು.
ಅವರಪ್ಪನ ನೆಲ ಇದು, ನನ್ನದು ಬರೀ ಪೋಸ್ಟಿಂಗು.
ಸೀಟಿ ಹಲಗೆಯ ಕಂಬದ ಬುಡಕ್ಕೆ ನಾಲ್ಕನ್ನೂ ಇಳಿಸಿ
ಏಳುಮಲೈಗೆ ತೋರಿಸಿದೆ:
ಇಲ್ಲಿ ಕುಡುಗೋಲು ನಿಧಾನ.
ಅವನು ಪಕ್ಕದ ಕಲ್ಲಿಗೆ ಸುಣ್ಣ ಬಳಿದ.

ಈ ಸಲ ಗೌರಿ ಹಬ್ಬದ ಹಿಂದಿನ ದಿನ
ಪ್ಯಾಸೆಂಜರಿನ ಕಿಟಕಿಯಲ್ಲಿ ಕೂತು ಅದೇ ದಾರಿಯಲ್ಲಿ ಬಂದೆ.
ಗೇಟಿಲ್ಲ. ಗುಮಟಿಗೆ ಬೀಗ.
ಹಲಗೆ ಕೀಳಲು ಯಾರಿಗೂ ನೆನಪಾಗಿಲ್ಲ,
ಡ್ರೈವರು ರೂಢಿಯಂತೆ ಸೀಟಿ ಹೊಡೆದ.
ಕಂಬದ ಕುತ್ತಿಗೆಗೆ ಒಂದೇ ಬಳ್ಳಿ:
ಈಗ ಬಿಚ್ಚಿದ್ದು ಹಸಿರು, ನಿನ್ನೆಯದು ಹಳದಿ,
ಮೊನ್ನೆಯದು ಕೆಂಪು.
ಗಾಡಿ ಯಾವುದನ್ನೂ ಕೇಳದೆ ಹೋಯಿತು.
ಪಕ್ಕದ ಹೆಂಗಸಿಗೆ ತೋರಿಸಲು ಬೆರಳೆತ್ತಿದೆ,
ಅಷ್ಟರಲ್ಲಿ ತೆಂಗಿನ ತೋಟ.

ಹದಿನೈದು ದಿನ ಬಿಟ್ಟು ಏಳುಮಲೈ ಫೋನು.
ಹಿಂದೆ ಗೂಡ್ಸು ಹೋಗುತ್ತಿತ್ತು, ಮಾತು ಅರ್ಧ ಕೇಳಿಸಿತು.
"ಹೂ ಉದುರಿತು" ಎಂದ. ಆಮೇಲೆ, "ಕಾಯಿ."

ಹೆಸರು ಹೇಳಿದನೋ, ಅಪ್ಪಣೆ ಕೊಟ್ಟನೋ.
ಹ್ಞೂಂ ಅಂದೆ.