ಕಲ್ಲಲ್ಲ, ಕಡ್ಡಿ

ಮಾನಿಯಲ್ಲಿ ನಮಗೆ ಮಣ್ಣಿಗಿಂತ ಕಲ್ಲೇ ಹೆಚ್ಚು.
ಹಾಗಾಗಿ ಎಡವುವುದೆಂದರೆ ಕಲ್ಲಿಗೇ ಎಂದು
ನಾನೂ ನಂಬಿದ್ದೆ, ಏಳು ತುಂಬುವವರೆಗೆ.

ಅಜ್ಜಿ ಗರಿಫಾಲ್ಯಾ ನಕ್ಕಳು:
ಇಗರ್ಜಿಯಲ್ಲಿ ಓದುತ್ತಾರಲ್ಲ, ಸ್ಕಾಂಡಲೋನ್,
ಅದು ಕಲ್ಲಲ್ಲವೋ, ಕಡ್ಡಿ. ಬಾ, ತೋರಿಸುತ್ತೇನೆ.

ಆಲಿವ್ ಮರದ ಕೆಳಗೆ, ಪಾಗಾರದ ಬುಡದಲ್ಲಿ
ರೊಟ್ಟಿ ಹಲಗೆಯಷ್ಟು ಅಗಲದ ಚಪ್ಪಡಿ.
ಒಂದಂಚು ನೆಲಕ್ಕೆ ಊರಿ, ಇನ್ನೊಂದಂಚು ಎತ್ತಿ
ನಡುವೆ ನಿಲ್ಲಿಸಿದಳು ಬೆರಳುದ್ದದ ಕಡ್ಡಿ.
ಕಡ್ಡಿಗೆ ಚುಚ್ಚಿದ ಒಂದು ಕಪ್ಪು ಕಾಯಿ.
ಸಿಳ್ಳಾರ ಹಕ್ಕಿಗೆ ಚಪ್ಪಡಿ ಕಾಣುವುದಿಲ್ಲ,
ಅದರ ಪಾಲಿಗೆ ಅದು ಸೂರು.
ಕಾಯಿ ಕಾಣುತ್ತದೆ. ಕುಕ್ಕಿದ್ದೇ...
ಅಂಗೈ ಮೇಲೆ ಅಂಗೈ ತಟ್ಟಿದಳು.
ಆ ರಾತ್ರಿ ಸಾರಿನಲ್ಲಿ ಮೂರು ಸಣ್ಣ ಹಕ್ಕಿ.
ನಾನು ಎರಡರ ಎಲುಬೂ ಬಿಡಲಿಲ್ಲ.

ಕಡ್ಡಿಯನ್ನು ಗುಡ್ಡ ಮಾಡಬೇಡ ಅನ್ನುತ್ತಾರೆ.
ಗುಡ್ಡ ನಿಂತಿರುವುದೇ ಕಡ್ಡಿಯ ಮೇಲೆ ಅನ್ನುವುದು
ಗೊತ್ತಾದದ್ದು ಮುಂದೆ, ಆ ಹಸಿದ ಚಳಿಗಾಲ.

ಸೈನಿಕರು ಹಿಟ್ಟು ಒಯ್ದಿದ್ದರು, ಕತ್ತೆ ಒಯ್ದಿದ್ದರು.
ಚಿಕ್ಕಪ್ಪನ ಮಗ ಮೈರೋನ್, ಹನ್ನೊಂದರವನು,
ಸನ್ಯಾಸಿಯಾಗುತ್ತೇನೆ ಅನ್ನುತ್ತಿದ್ದವನು,
ತಾನು ಉಣ್ಣದೆ ಉಳಿಸಿದ ಎಣ್ಣೆಯನ್ನು
ಔಷಧದ ಸೀಸೆಯಲ್ಲಿ ದಿನಾ ಸಂಜೆ ತಂದು
ಸಂತನ ದೀಪಕ್ಕೆ ಹೊಯ್ಯುತ್ತಿದ್ದ.
ನಾನು ಹದಿನಾಲ್ಕರವನು, ಗಂಟೆ ಹೊಡೆಯುವ ಹುಡುಗ.
ಒಂದು ನಸುಕಿನಲ್ಲಿ ಒಳಕೋಣೆಯ ಕಿಟಕಿಗೆ ಇಣುಕಿದೆ:
ಪಾದ್ರಿ ಆಂಥಿಮೋಸ್ ದೀಪದ ಬಟ್ಟಲನ್ನು
ಬಾಣಲೆಗೆ ಬಗ್ಗಿಸುತ್ತಿದ್ದರು.
ಒಂದೇ ಮೊಟ್ಟೆ. ಅವರ ಗಡ್ಡ ನಡುಗುತ್ತಿತ್ತು.

ಮೈರೋನ್‌ಗೆ ಹೇಳಿದೆ.
ಮೊಟ್ಟೆ ಹೇಳಿದೆ, ಎಣ್ಣೆ ಹೇಳಿದೆ,
ನಡುಗುವ ಗಡ್ಡ ಹೇಳಲಿಲ್ಲ.
ಸುಳ್ಳೊಂದೂ ಇರಲಿಲ್ಲ ಅದರಲ್ಲಿ;
ಕಡ್ಡಿಗೆ ಚುಚ್ಚುವ ಕಾಯಿಯೂ ನಿಜದ್ದೇ ಇರುತ್ತದಲ್ಲ.

ಅವನು ಸೀಸೆಗೆ ಬಿರಟೆ ಹಾಕಿದ. ಏನೂ ಅನ್ನಲಿಲ್ಲ.
ಇಗರ್ಜಿಯ ಹೊಸ್ತಿಲು ಮತ್ತೆ ತುಳಿಯಲಿಲ್ಲ.
ಹದಿನೇಳಕ್ಕೆ ಪಿರೇಯಸ್‌ನಲ್ಲಿ ಹಡಗು ಹತ್ತಿದ.
ವಾಲ್ಪರೈಸೊದಿಂದ ಒಂದು ಕಾರ್ಡು ಬಂತು, ಮೀನಿನ ಚಿತ್ರ,
ಹಿಂದೆ ಬರೀ ವಿಳಾಸ.

ಯಾರು ಚಪ್ಪಡಿ, ಯಾರು ಕಡ್ಡಿ ಎಂದು
ಎಷ್ಟೋ ತಪಸ್ಸುಕಾಲಗಳಲ್ಲಿ ಲೆಕ್ಕ ಹಾಕಿದ್ದೇನೆ.
ಸೈನಿಕರೆ? ಹಸಿವೆ? ಮೊಟ್ಟೆಯಿಟ್ಟ ಕೋಳಿಯೆ?
ಪಾದ್ರಿಗೇ ಹೇಳಿಬಿಟ್ಟೆ, ಅವರು ತೀರಿಕೊಂಡ ವರ್ಷ.
ಬಹಳ ಹೊತ್ತು ಸುಮ್ಮನಿದ್ದು ಅವರೆಂದರು,
ಉಪ್ಪೂ ಇರಲಿಲ್ಲ, ಆ ಮೊಟ್ಟೆಗೆ.

ಈಗ ನಮ್ಮಲ್ಲಿ ಅದೇ ಪದ, ಬಾಲ ಬದಲಿಸಿ,
ಬಂದೂಕಿನ ಕುದುರೆಗೆ ಹೆಸರು.
ಬೆರಳಿಗೆ ಎಷ್ಟು ಹಗುರ ಅದು.

ಮೊನ್ನೆ, ಎಂಬತ್ತಾರರ ಮೊಣಕಾಲೂರಿ,
ಪಾಗಾರದ ಬುಡದ ಆ ಚಪ್ಪಡಿ ಎತ್ತಿದೆ.
ಕಡ್ಡಿ ಎಂದೋ ಮಣ್ಣಾಗಿದೆ. ಪುಕ್ಕವೂ ಇಲ್ಲ.
ಒಂದು ಚೇಳು, ಬಿಸಿಲು ತಾಗಿ ಹಿಂದಕ್ಕೆ ಸರಿಯಿತು.
ಮೆಲ್ಲಗೆ ಇಳಿಸಿದೆ, ಎರಡೂ ಕೈಯಲ್ಲಿ,
ಕೆಳಗೆ ಯಾರಾದರೂ ಇದ್ದಾರೇನೋ ಎಂಬಂತೆ.