ಯಾರೂ ಕಟ್ ಅನ್ನಲಿಲ್ಲ

ಸಿನಿಮಾದವರು ಗುತ್ಯಪ್ಪನ ಕೈ ಮಾತ್ರ ತಗೊಂಡರು.
ಮುಖಕ್ಕೆ ಬೇರೆ ಹುಡುಗನಿದ್ದ,
ಜಿಮ್ಮಿನಲ್ಲಿ ಹದ ಮಾಡಿದ ತೋಳು,
ಚೌಡಿಕೆಯನ್ನು ಕೂಸಿನ ಹಾಗೆ ಎತ್ತಿಕೊಂಡಿದ್ದ
ಉಚ್ಚೆ ಹೊಯ್ದೀತೆಂಬ ಭಯದಲ್ಲಿ.
ಹಾಗಾಗಿ ದೂರದಿಂದ ಅವನು, ಹತ್ತಿರದಿಂದ ಇವನು.
ಹೆಬ್ಬೆರಳ ಕರಿ ಉಗುರು ಇಬ್ಬರದೂ ಒಂದೇ ಕಾಣಲೆಂದು
ಹುಡುಗನಿಗೆ ಮಸಿ ಹಚ್ಚಿದರು.
ನಾನು ತಾಳದವನು. ನನ್ನ ಕೈಯನ್ನು ಯಾರೂ ಕೇಳಲಿಲ್ಲ.

ಕತೆ ಏನೆಂದರೆ, ಒಬ್ಬ ಹಾಡುವವ,
ಸತ್ತ ಮನೆಯಲ್ಲಿ ರಾತ್ರಿ ಕಳೆಯಲು ಪದ ಹೇಳುವವ,
ಊರಲ್ಲಿ ಯಾರೂ ಸಾಯದೆ ಹಸಿದು ಕೂತವ,
ಕೆಮ್ಮು ಕೇಳಿದ ಕಡೆ ಹೋಗಿ
ಅಜ್ಜಾ, ಹುಷಾರಾ ಅಂತ ವಿಚಾರಿಸುವವ.
ಕೊನೆಗೆ ತಾನೇ ಸಾಯುತ್ತಾನೆ. ಹಾಡಲು ಜನ ಸಿಗುವುದಿಲ್ಲ.
ಇಲ್ಲಿ ನಗು ಬರಬೇಕು, ಅಂದರು ಡೈರೆಕ್ಟರು.
ಗುತ್ಯಪ್ಪ ನನ್ನ ಮುಖ ನೋಡಿದ.
ಹೋದ ವರ್ಷ ನಾವೂ ಎರಡು ಮನೆಯ ಕೆಮ್ಮು
ಕೇಳಿಕೊಂಡು ಬಂದಿದ್ದೆವು.
ಇವರಿಗೆ ಯಾರು ಹೇಳಿದರೋ.

ಚಟ್ಟದ ಮೇಲೆ ಮಲಗಲು ಹುಡುಗನ ತಾಯಿ ಬಿಡಲಿಲ್ಲ,
ಅಪಶಕುನ. ಹೆಣಕ್ಕೂ ಗುತ್ಯಪ್ಪನೇ.
ಮುಖಕ್ಕೆ ಬಿಳಿಬಟ್ಟೆ, ಪಕ್ಕಕ್ಕೆ ಚೌಡಿಕೆ, ಮುನ್ನೂರು ಹೆಚ್ಚಿಗೆ.
ದಂಡಾವತಿಯ ದಡ, ಹನ್ನೆರಡರ ಬಿಸಿಲು.
ಉಸಿರು ಹಿಡಿ ಅಂದರು, ಹಿಡಿದ.
ಆಗ ಊಟದ ಗಾಡಿ ಬಂತು.
ಯಾರೂ ಕಟ್ ಅನ್ನಲಿಲ್ಲ.
ನಾನೂ ಎದ್ದು ಹೋದೆ, ಸುಳ್ಳು ಯಾಕೆ,
ಪಲಾವಿನಲ್ಲಿ ಬಟಾಣಿ ಬಹಳ ಇತ್ತು.

ಹೇಳದೆ ಏಳುವ ಜಾಯಮಾನ ಅವನದಲ್ಲ.
ನೊಣ ಬಂತು. ನಾಯಿ ಬಂತು,
ಮೂಸಿತು, ಅನುಮಾನಿಸಿತು, ಹೋಯಿತು.
ಗದ್ದೆ ಕಡೆಯಿಂದ ಬಂದ ಹೆಂಗಸೊಬ್ಬಳು
ಯಾರ ಮನೆಯವನೋ ಪಾಪ, ಕಾಯಲಿಕ್ಕೆ ಒಬ್ಬರೂ ಇಲ್ಲ ಅಂತ
ಎದೆಯ ಮೇಲೆ ಹತ್ತರ ಬಿಲ್ಲೆ ಇಟ್ಟಳು.
"ಎದ್ದು ಹೇಳೋಣ ಅನ್ನಿಸಿತು ಮಾರಾಯ" ಅಂದ ಆಮೇಲೆ,
"ಆದರೆ ಅಷ್ಟು ಚೆನ್ನಾಗಿ ಅಳ್ತಿದ್ದಳು."

ಆ ಫೋಟೊ ಪೇಪರಿನಲ್ಲಿ ಬಂತು.
ಚೌಡಿಕೆ ಗುತ್ಯಪ್ಪ ಇನ್ನಿಲ್ಲ.
ಚಿತ್ರೀಕರಣದಲ್ಲಿ ಅನ್ನುವ ಮಾತು ಜಾಗ ಸಾಲದೆ ಬಿಟ್ಟುಹೋಗಿತ್ತು.
ಮುಂದಿನ ತಿಂಗಳು ಮಾಸಾಶನ ನಿಂತಿತು.

ಸೊರಬದ ಕಚೇರಿಯ ಹುಡುಗಿ ಒಳ್ಳೆಯವಳು,
ಕೂರಿಸಿ ನೀರು ಕೊಟ್ಟಳು.
ನೀವು ಬದುಕಿದ್ದೀರಿ, ನನಗೆ ಕಾಣುತ್ತೆ,
ಕಂಪ್ಯೂಟರಿಗೆ ಕಾಣಬೇಕಲ್ಲ.
ಹೆಬ್ಬೆರಳು ಒತ್ತಿಸಿದಳು. ತಂತಿಗೆ ಸವೆದ ಬೆರಳು,
ಗೆರೆಯೇ ಇಲ್ಲ, ಮೆಷಿನ್ನು ಕೀಂ ಅಂತು.
ಗುತ್ಯಪ್ಪ ಅಲ್ಲೇ ಚೌಡಿಕೆ ಬಗಲಿಗಿಟ್ಟು
ಗುತ್ತಿಯಮ್ಮನ ಮೇಲೆ ಒಂದು ಪದ ತೆಗೆದ.
ರೇಷನ್ ಕಾರ್ಡಿನ ಸಾಲೆಲ್ಲ ತಲೆಯಾಡಿಸಿತು.
ತುಂಬಾ ಚೆನ್ನಾಗಿದೆ ಅಜ್ಜಾ, ಅಂದಳು,
ಆದರೆ ಇದಕ್ಕೆ ಕಾಲಮ್ಮಿಲ್ಲ.

ಸಿನಿಮಾ ಬಂದಾಗ ಶಿವಮೊಗ್ಗಕ್ಕೆ ಹೋದೆವು, ಬೆಳಗಿನ ಆಟ,
ನಮ್ಮನ್ನೂ ಸೇರಿಸಿ ಹನ್ನೊಂದು ಜನ, ಒಬ್ಬ ನಿದ್ದೆಯಲ್ಲಿ.
ಪರದೆ ತುಂಬ ಗುತ್ಯಪ್ಪನ ಕೈ, ಎತ್ತಿನ ಗಾತ್ರ.
ಕೈ ನೋಡಿ ಯಾರೂ ಏನೂ ಅನ್ನಲಿಲ್ಲ.
ಚಟ್ಟ ಬಂದಾಗ ನಕ್ಕರು, ಮಲಗಿದ್ದವನೂ ಎದ್ದು ನಕ್ಕ:
ಹೊಟ್ಟೆಯ ಮೇಲೆ ಬಿಳಿಬಟ್ಟೆ
ಏರುತ್ತಿತ್ತು, ಇಳಿಯುತ್ತಿತ್ತು.
ಗುತ್ಯಪ್ಪ ನನ್ನ ತೊಡೆ ಚಿವುಟಿದ.
"ಉಸಿರಾಡ್ತಿದ್ದೀನಿ ನೋಡು!
ಆ ಹುಡುಗೀನ ಕರ್ಕೊಂಡು ಬಂದು ತೋರಿಸಬೇಕು."

ಮೂರನೇ ದಿನಕ್ಕೆ ಸಿನಿಮಾ ತೆಗೆದರು.

ಹತ್ತರ ಬಿಲ್ಲೆ ಅವನು ಖರ್ಚು ಮಾಡಿಲ್ಲ.
ಚೌಡಿಕೆಯ ಒಳಗೆ ಹಾಕಿಟ್ಟಿದ್ದಾನೆ, ಮೀಟಿದಾಗೆಲ್ಲ
ತೊಗಲ ಮೇಲೆ ಕುಣಿದು ಝರ್ ಅನ್ನುತ್ತದೆ.
ಶ್ರುತಿ ಕೆಡ್ತದೆ, ತೆಗಿ ಮಾರಾಯ ಅಂದರೆ
ಅವಳು ಕೊಟ್ಟದ್ದು ಸತ್ತವನಿಗೆ,
ಅವನನ್ನು ಕೇಳದೆ ಹೆಂಗೆ ತೆಗೀಲಿ, ಅನ್ನುತ್ತಾನೆ.