ನೂರಿಪ್ಪತ್ತರ ಮುಳ್ಳು

ಜಗಳ ಶುರುವಾದದ್ದು ನನ್ನ ಸ್ಕೂಟರಿನ ಹಿಂದಿನ ಚಕ್ರದಿಂದ.
ಸಾಗರ ರಸ್ತೆ, ಆಟೋ ಕಾಂಪ್ಲೆಕ್ಸ್, ಇನಾಯತನ ಗಾಳಿಯಂಗಡಿ.
ಕಂಪ್ರೆಸರಿನ ತಾಮ್ರದ ಕೊಳವೆ ತಾಗಿ
ಮೊಣಕೈಗಾದ ಹಳೆಯ ಕಲೆ ತೋರಿಸಿ ಅಂದ:
"ಒತ್ತಡ ಅಂದ್ರೇ ಬಿಸಿ, ಅಕ್ಕ.
ಇದಕ್ಕಿಂತ ಸಾಕ್ಷಿ ಬೇಕಾ?"

"ಅಲ್ಲ" ಅಂದೆ.
ಅಂದದ್ದು ನಾನೇನಾ ಅಂತ ನನಗೇ ಅನುಮಾನ.
ಮೂವತ್ತೊಂದು ವರ್ಷ ಕಾಲೇಜಿನ ಲ್ಯಾಬಿನಲ್ಲಿ
ಪಾದರಸ ಸೋಸಿದೆ, ಬಾರೋಮೀಟರಿನ ಗಾಜು ಒರೆಸಿದೆ,
ಗೋಡೆಯಾಚೆಯ ಅದೇ ಪಾಠ
ಮೂವತ್ತೊಂದು ಸಲ ಕೇಳಿದೆ, ಬೇರೆ ಬೇರೆ ಕೆಮ್ಮುಗಳಲ್ಲಿ.
ನನ್ನನ್ನು ಯಾರಾದರೂ ಏನಾದರೂ ಕೇಳಿದ್ದರೆ ಇಷ್ಟೇ:
"ಜಲಜಮ್ಮ, ಬೀಗದ ಕೈ ಎಲ್ಲಿ?"

ಉಡುಪಿ ಮಿನಿಬಸ್ಸಿನ ಕೆರಿಯಪ್ಪ
ಸ್ಟೆಪ್ನಿ ಉರುಳಿಸಿಕೊಂಡು ಬಂದು ಬಾಯಿ ಹಾಕಿದ:
"ಇನಾಯತ್ ಹೇಳೋದೇ ಸರಿ ಕಣ್ರೀ.
ಆಗುಂಬೆ ನೆತ್ತಿಯಲ್ಲಿ ಕುಡಿದು ಮುಚ್ಚಿಟ್ಟ ಬಾಟಲಿ
ಸೋಮೇಶ್ವರ ಮುಟ್ಟೋದ್ರೊಳಗೆ ಕೆನ್ನೆ ಒಳಗೆಳ್ಕೊಂಡಿರ್ತದೆ.
ಕೆಳಗೆ ಗಾಳಿ ಭಾರ. ಭಾರ ಇದ್ದಲ್ಲಿ ಸೆಖೆ.
ತಿರುವಿಗೊಂದು ಗುಂಡಿ ಬಿಚ್ತೀನಿ ನಾನು,
ಅರ್ಧ ಘಾಟಿಗೇ ಅಂಗಿ ಮುಗಿದುಹೋಗ್ತದೆ!"

ಇಬ್ಬರೂ ನಕ್ಕರು.
ನಾನು ನಗಲಿಲ್ಲ. "ರಾತ್ರಿ ಮೋಟಾರು ಆರಿಸು,
ಟ್ಯಾಂಕಿನ ಗಾಳಿ ಮಾತ್ರ ಬಿಡಬೇಡ. ಬೆಳಿಗ್ಗೆ ಬರ್ತೀನಿ."

ನಿದ್ದೆ ಬರಲಿಲ್ಲ.
ವಾಲ್ವು ಹಳೆಯದು. ಸೋರಿದರೆ?

ಆರೂವರೆಗೆ ಶಟರು ಎದ್ದಿತು.
ಮುಳ್ಳು ನೂರಿಪ್ಪತ್ತಕ್ಕೆ ಒಂದೆರಡು ಗೆರೆ ಕೆಳಗೆ,
ತಣಿದಷ್ಟೇ ಇಳಿದಿತ್ತು.
"ಕೈಯಿಡು."
ಇಟ್ಟ. ತೆಗೆದ.
ಮಗುವಿನ ಜ್ವರ ನೋಡುವ ಹಾಗೆ
ಅಂಗೈ ತಿರುಗಿಸಿ, ಹಿಂಗೈ ಮತ್ತೆ ಇಟ್ಟ.
ತುಂಗೆಯೊಳಗಿನ ಕಲ್ಲಿನಂತೆ ತಣ್ಣಗಿತ್ತು ಟ್ಯಾಂಕು.
ಸಂಜೆ ಅದಕ್ಕೆ ಬೆನ್ನು ಕೊಟ್ಟು ಮಲಗಿದ್ದ ಬೆಕ್ಕು
ರಾತ್ರಿ ಯಾವಾಗಲೋ ಎದ್ದು ಗೋಣಿಚೀಲ ಸೇರಿತ್ತು.

"ಮತ್ತೆ ಬಿಸಿ ಎಲ್ಲಿಗೆ ಹೋಯ್ತು?"
"ಬೆಕ್ಕಿಗೆ ಒಂದಿಷ್ಟು. ತಗಡಿಗೆ ಒಂದಿಷ್ಟು. ಉಳಿದದ್ದು ಸಾಗರ ರಸ್ತೆಗೆ.
ಒತ್ತೋದು ಬೇರೆ ಇನಾಯತ್,
ಒತ್ತಿಸಿಕೊಂಡು ಕೂತಿರೋದು ಬೇರೆ.
ಒತ್ತೋ ದುಡಿಮೆ ಬಿಸಿಯಾಗ್ತದೆ.
ಕೂತದ್ದು ತಣೀತದೆ, ಬಿಗಿ ಬಿಡದೇನೆ."

ಆಡಿದ ಮೇಲೆ ಆ ಮಾತು
ನನ್ನ ಕಿವಿಯಲ್ಲೇ ಸ್ವಲ್ಪ ಹೊತ್ತು ನಿಂತಿತು.

ಕೆರಿಯಪ್ಪ ಬಿಡುವವನಲ್ಲ.
"ಸೋಮೇಶ್ವರದ ಗಾಳಿನೂ
ಎಷ್ಟೋ ಕಾಲದಿಂದ ಒತ್ತಿಸಿಕೊಂಡೇ ಕೂತಿದೆ.
ಅದ್ಯಾಕೆ ತಣಿದಿಲ್ಲ?"

ಗೋಡೆಯಾಚೆ ಯಾವ ಹುಡುಗನೂ ಇದನ್ನು ಕೇಳಿರಲಿಲ್ಲ.
ಕತ್ತಲಲ್ಲಿ ಮೆಟ್ಟಿಲು ತಡಕುವವಳಂತೆ
ಒಂದೊಂದೇ ಮಾತು ಇಟ್ಟೆ:
"ಅಲ್ಲಿ ಗಾಳಿ ಕೂತಿಲ್ಲ, ಕೆರಿಯಪ್ಪ.
ಬಿಸಿಲು ನೆಲ ಕಾಯಿಸ್ತದೆ, ನೆಲ ಗಾಳೀನ ಎಬ್ಬಿಸ್ತದೆ.
ಘಾಟಿ ಹತ್ತೋವಾಗ ಹಿಗ್ಗಬೇಕು;
ಹಿಗ್ಗೋಕೆ ಸ್ವಂತ ಗಂಟಿನಿಂದಲೇ ಖರ್ಚು.
ನೆತ್ತಿ ಮುಟ್ಟೋವಾಗ ಜೇಬು ಖಾಲಿ, ಮೈ ತಂಪು.
ಇಳಿಯೋವಾಗ ಹಿಂಡಿಸ್ಕೊಂಡು ವಾಪಸ್ ಪಡೀತದೆ.
ನಿನ್ನ ಬಸ್ಸಿನ ಹಾಗೇ,
ದಿನಾ ಟ್ರಿಪ್ಪು."

"ಹಿಂಡಿದ್ರೇ ಬಿಸಿ ಅಂತಾಯ್ತಲ್ಲ!"
ಇನಾಯತ್ ಸ್ಪ್ಯಾನರು ಎತ್ತಿ ಹಿಡಿದ, ಗೆದ್ದವನ ಹಾಗೆ.
ಅವನು ಪೂರ್ತಿ ಸೋತಿರಲಿಲ್ಲ.
ನಾನು ಪೂರ್ತಿ ಸರಿಯಿದ್ದೆನಾ, ಅದೂ ಗೊತ್ತಿಲ್ಲ.
ಕೆರಿಯಪ್ಪ ಮಾತ್ರ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ,
ಏನೋ ಯೋಚಿಸುತ್ತ.

ಟ್ಯಾಂಕಿನ ತಳದ ನೀರು ತೆಗೆಯಲು
ಇನಾಯತ್ ಕೆಳಗಿನ ವಾಲ್ವು ತಿರುಗಿಸಿದ.
ಬುಸ್ಸೆಂದು ಗಾಳಿ ನುಗ್ಗಿತು. ಬೆಕ್ಕು ಓಡಿತು.
ಹಿತ್ತಾಳೆಯ ಮೂತಿಯ ಸುತ್ತ ಸಣ್ಣಗೆ ಬೆವರಿನ ಹನಿ.
ಬೆರಳಿಟ್ಟವನು ಚಟ್ಟನೆ ಹಿಂದೆಗೆದ:
"ಅರೆ, ಐಸು! ಇದ್ಯಾಕೆ?"

ಕೇಳಿದ್ದು ನನ್ನನ್ನು.

ಸ್ಕೂಟರಿಗೆ ಗಾಳಿ ತುಂಬಿ ಆಗಿತ್ತು, ಐದು ರೂಪಾಯಿ.
ಚಿಲ್ಲರೆ ಹುಡುಕುವುದು ಬಿಟ್ಟು
ಗ್ರೀಸು ಮೆತ್ತಿದ ಸ್ಟೂಲು ಎಳೆದುಕೊಂಡು
ಕೂತೆ.